ಹಳದಿಗೆ ನೀಲಿ ಹಾಕುವ ಮುಂಚೆ: ಉದ್ಯಮಬಾಗದ ಒಂದು ಲೆನ್ಸ್ ಪ್ರಕರಣ

ಒಂದು ಲೆನ್ಸ್ ಕೈಯಲ್ಲಿ ಹಿಡಿದು ಕಿಟಕಿ ಕಡೆ ನೋಡಿದರೆ ತಿಳಿನೀರಿನ ಹಾಗೆ ಕಾಣುತ್ತದೆ. ಅದೇ ಬ್ಯಾಚಿನ ಹತ್ತು ಲೆನ್ಸ್ ಪೇರಿಸಿ, ಬಿಳಿ ಕಾಗದದ ಮೇಲಿಟ್ಟು, ಮೇಲಿನಿಂದ ನೋಡಿ. ಆಗ ನಿಜವಾದ ಬಣ್ಣ ಗೊತ್ತಾಗುತ್ತದೆ. ಕಳೆದ ವರ್ಷ ಜೂನ್ ಕೊನೆಗೆ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ವಾಪಸ್ ಕಳಿಸಿದ ಡಬ್ಬಿ ಬಿಚ್ಚಿ ಹಾಗೆ ಪೇರಿಸಿದಾಗ ನಮಗೆ ಕಂಡದ್ದು ಕುಸುಬಿ ಎಣ್ಣೆಯ ಬಣ್ಣ. ಡಬ್ಬಿಯೊಳಗೆ ಒಂದು ಚೀಟಿ ಇತ್ತು. "ಹೊಸಾ ಚಷ್ಮಾ ಹಳೇದ ಕಂಡಂಗ ಕಾಣ್ತದ್ರೀ. ಗಿರಾಕಿ ಒಲ್ಲೆ ಅಂತಾರ." ಅಷ್ಟೇ.

ನಾನು ಕೆಲಸ ಮಾಡುವುದು ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಘಟಕದಲ್ಲಿ. ಉದ್ಯಮಬಾಗ ಅಂದರೆ ಎಲ್ಲರಿಗೂ ನೆನಪಾಗುವುದು ಫೌಂಡ್ರಿ, ಲೇಥು, ಹೈಡ್ರಾಲಿಕ್ಸ್. ನಾವೂ ಎರಕದವರೇ, ಆದರೆ ನಾವು ಹೊಯ್ಯುವುದು ಕಬ್ಬಿಣವಲ್ಲ, ರೆಸಿನ್. ಎರಡು ಗಾಜಿನ ಅಚ್ಚು, ನಡುವೆ ಒಂದು ಗ್ಯಾಸ್ಕೆಟ್, ಬಿಗಿ ಹಿಡಿಯಲು ಸ್ಪ್ರಿಂಗ್ ಕ್ಲಿಪ್. ಒಳಗೆ ದ್ರವ ತುಂಬಿ ಓವನ್‌ನಲ್ಲಿಟ್ಟು, 40 ಡಿಗ್ರಿಯಿಂದ 80ರ ಆಸುಪಾಸಿಗೆ ಸುಮಾರು 20 ಗಂಟೆ ನಿಧಾನಕ್ಕೆ ಬಿಸಿ ಏರಿಸಿದರೆ ಲೆನ್ಸಿನ ಬ್ಲ್ಯಾಂಕ್ ತಯಾರು. ಈ ಬ್ಲ್ಯಾಂಕ್ 10 ಮಿಲಿಮೀಟರ್‌ನಷ್ಟು ದಪ್ಪ ಇರುತ್ತದೆ. ಆಮೇಲೆ ಅಂಗಡಿಯವರು ನಂಬರಿಗೆ ತಕ್ಕಂತೆ ಹಿಂಬದಿ ಅರೆದುಕೊಳ್ಳುತ್ತಾರೆ. ದಪ್ಪ ಇರುವುದರಿಂದ ತೆಳು ಲೆನ್ಸಿನಲ್ಲಿ ಕಣ್ಣಿಗೆ ಬೀಳದ ಬಣ್ಣವೂ ಇದರಲ್ಲಿ ಕಾಣುತ್ತದೆ.

ನಮ್ಮ ರೆಸಿನ್ ಸಿಆರ್-39. ಪೂರ್ತಿ ಹೆಸರು ಅಲ್ಲೈಲ್ ಡೈಗ್ಲೈಕಾಲ್ ಕಾರ್ಬೊನೇಟ್. 1940ರ ಸುಮಾರಿಗೆ ಅಮೆರಿಕದ ಪಿಟ್ಸ್‌ಬರ್ಗ್ ಪ್ಲೇಟ್ ಗ್ಲಾಸ್ ಕಂಪನಿಯವರು ಕೊಲಂಬಿಯಾ ರೆಸಿನ್ ಅಂತ ಸಾಲಾಗಿ ಮಾಡುತ್ತಾ ಹೋದಾಗ 39ನೆಯದಾಗಿ ಬಂದದ್ದು ಇದು. ಯುದ್ಧದ ಕಾಲದಲ್ಲಿ ಬಾಂಬರ್ ವಿಮಾನದ ಇಂಧನ ಟ್ಯಾಂಕಿಗೆ ಬಳಸಿದರು, 1947ರಲ್ಲಿ ಚಷ್ಮಾಗೆ ಬಂತು. ವಕ್ರೀಭವನ ಸೂಚ್ಯಂಕ 1.498, ಸಾಂದ್ರತೆ 1.32. ಅಂದರೆ ಗಾಜಿನ ಅರ್ಧದಷ್ಟು ತೂಕ. ಬಣ್ಣ ಚದುರಿಸುವುದೂ ತೀರಾ ಕಮ್ಮಿ. ಅದಕ್ಕೇ ಇಷ್ಟು ವರ್ಷ ಆದರೂ ಇದು ಮೂಲೆಗೆ ಸರಿದಿಲ್ಲ.

ಈ ರೆಸಿನ್ ಮುಕ್ಕಾಲು ಪಾಲು ತನ್ನಷ್ಟಕ್ಕೆ ತಾನು ಚೆನ್ನಾಗಿಯೇ ಇರುತ್ತದೆ. ತಲೆನೋವು ಬರುವುದು ನಾವು ಅದಕ್ಕೆ ಹಾಕುವ ಚಿಟಿಕೆ ವಸ್ತುಗಳಿಂದ. ಗಟ್ಟಿಯಾಗಿಸಲು ಐಪಿಪಿ ಎಂಬ ಪೆರಾಕ್ಸೈಡ್, ಇದು ನೂರಕ್ಕೆ ಮೂರರಷ್ಟು. ಬಿಸಿಲಿನ ಅತಿನೇರಳೆ ಕಿರಣ ತಡೆಯಲು ಯುವಿ ಹೀರುವ ಪುಡಿ, ಇದು ಇನ್ನೂ ಕಮ್ಮಿ. ಕೊನೆಗೆ ಹಳದಿ ಮರೆಸಲು ನೇರಳೆ ಬಣ್ಣ. ಈ ಬಣ್ಣವನ್ನು ಎಣಿಸುವುದು ಪಿಪಿಎಂ ಲೆಕ್ಕದಲ್ಲಿ. ಒಂದು ಪಿಪಿಎಂ ಅಂದರೆ 1 ಕೆಜಿಯಲ್ಲಿ 1 ಮಿಲಿಗ್ರಾಂ. ನಮ್ಮ ಬ್ಯಾಚು 20 ಕೆಜಿ. ಅದಕ್ಕೆ ಬೇಕಾಗುವ ಬಣ್ಣ ಉಗುರಿನ ತುದಿಯಲ್ಲಿ ನಿಲ್ಲುವಷ್ಟೂ ಇರುವುದಿಲ್ಲ.

ನೇರಳೆ ಬಣ್ಣ ಹಾಕಿದರೆ ಹಳದಿ ಹೇಗೆ ಹೋಗುತ್ತದೆ ಅಂತ ಕೇಳಿದರೆ, ನಮ್ಮ ಮನೆಗಳಲ್ಲಿ ಬಿಳಿ ಧೋತರಕ್ಕೆ ನೀಲಿ ಹಾಕುವುದನ್ನು ನೆನಪು ಮಾಡಿಕೊಳ್ಳಿ. ಹಳದಿ ಹೋಗುವುದಿಲ್ಲ. ಹಳದಿ ಬಟ್ಟೆ ಬೆಳಕಿನಲ್ಲಿರುವ ನೀಲಿಯನ್ನು ನುಂಗುತ್ತದೆ. ನೀಲಿ ಪುಡಿ ಹಳದಿ ಭಾಗವನ್ನು ನುಂಗುತ್ತದೆ. ಎರಡೂ ಕಡೆ ಸಮ ಆದಾಗ ಕಣ್ಣಿಗೆ ಬಿಳಿ ಅನಿಸುತ್ತದೆ. ಬಟ್ಟೆಗೆ ಇದರಿಂದ ಏನೂ ನಷ್ಟವಿಲ್ಲ. ಆದರೆ ಲೆನ್ಸಿನ ಕೆಲಸವೇ ಬೆಳಕು ದಾಟಿಸುವುದು, ಅಲ್ವಾ? ಕಣ್ಣಿಗೆ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು 555 ನ್ಯಾನೋಮೀಟರ್ ಹತ್ತಿರದ ಹಸಿರು ಹಳದಿ ಬೆಳಕು. ನೇರಳೆ ಬಣ್ಣ ನುಂಗುವುದು ಅದರ ಪಕ್ಕದ್ದನ್ನೇ. ಹಾಗಾಗಿ ನೀಲಿ (ಈ ನೇರಳೆಗೂ ನಾವು ನೀಲಿ ಅಂತಲೇ ಅನ್ನುತ್ತೇವೆ) ಹಾಕಿದಷ್ಟೂ ಲೆನ್ಸ್ ಬೂದಿ ಬಣ್ಣಕ್ಕೆ ತಿರುಗುತ್ತದೆ. ಸಿಆರ್-39ರ ಎರಡೂ ಮೈಯಿಂದ ತಲಾ ಶೇ. 4ರಷ್ಟು ಬೆಳಕು ವಾಪಸ್ ಹಾರುತ್ತದೆ, ಉಳಿದ ಶೇ. 92 ದಾಟಬೇಕು. ಅದು ನಮ್ಮ ಬಂಡವಾಳ. ಹಳದಿ ಮುಚ್ಚಲು ಹೋಗಿ ನಾವು ಅದನ್ನೇ ತಿನ್ನುತ್ತೇವೆ.

ಈಗ ಕಥೆಗೆ ಬರೋಣ.

ಮಾರ್ಚ್‌ನಲ್ಲಿ ವ್ಯಾಪಾರಿಗಳು ಯುವಿ 400 ಬೇಕು ಅಂದರು. ಸಾದಾ ಸಿಆರ್-39 ಸುಮಾರು 350 ನ್ಯಾನೋಮೀಟರ್‌ವರೆಗಿನ ಕಿರಣವನ್ನು ತಾನೇ ತಡೆಯುತ್ತದೆ. 400ರವರೆಗೆ ತಡೆಯಬೇಕಾದರೆ ಪುಡಿ ಹಾಕಬೇಕು. ನಾವು ಹಾಕಿದ್ದು ಹೈಡ್ರಾಕ್ಸಿ ಬೆಂಜೊಫಿನೋನ್ ಜಾತಿಯದು. 400 ಅಂದರೆ ಕಣ್ಣಿಗೆ ಕಾಣುವ ನೇರಳೆಯ ಹೊಸ್ತಿಲು. ಪುಡಿ ಆ ಹೊಸ್ತಿಲಲ್ಲಿ ಸರಿಯಾಗಿ ಗೆರೆ ಎಳೆದ ಹಾಗೆ ನಿಲ್ಲುವುದಿಲ್ಲ, ಸ್ವಲ್ಪ ಒಳಗೂ ಕಾಲಿಡುತ್ತದೆ. ಹಾಗಾಗಿ ತುಸು ಹಳದಿ ಬಂದೇ ಬರುತ್ತದೆ. ಅಳೆದಾಗ ಹಳದಿ ಸೂಚ್ಯಂಕ 1.1 ಇದ್ದದ್ದು 2.4 ಆಯಿತು. 0.3 ಪಿಪಿಎಂ ನೇರಳೆ ಹಾಕಿದೆವು, 1.2ಕ್ಕೆ ಇಳಿಯಿತು. ಎಲ್ಲರಿಗೂ ಸಮಾಧಾನ. ಏಪ್ರಿಲ್, ಮೇ ಏನೂ ತೊಂದರೆ ಇಲ್ಲದೆ ಕಳೆಯಿತು.

ಜೂನ್‌ನಲ್ಲಿ ಮಳೆ ಹಿಡಿಯಿತು. ಬೆಳಗಾವಿಯ ಮಳೆ ಗೊತ್ತಲ್ಲ, ಒಮ್ಮೆ ಶುರುವಾದರೆ ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ. ಅದೇ ಹೊತ್ತಿಗೆ ಲೆನ್ಸ್ ಹಳದಿ ಆಗತೊಡಗಿತು. ಪಾಳಿಯವರು ನನಗೆ ಹೇಳಿದರು, ನಾನು ಏನು ಮಾಡಿದೆ? ನೀಲಿ ಜಾಸ್ತಿ ಮಾಡಿದೆ. 0.3 ಇದ್ದದ್ದು 0.6, ಆಮೇಲೆ 1.2. ಇದು ನನ್ನ ತಪ್ಪು, ಇದನ್ನು ಮುಚ್ಚಿಡುವುದಿಲ್ಲ. ಕಾರಣ ಹುಡುಕುವ ಬದಲು ಕಣ್ಣಿಗೆ ಕಾಣುವುದನ್ನು ಸರಿಮಾಡಲು ಹೋದೆ. ಫಲ ಏನಾಯಿತೆಂದರೆ ಒಂದೇ ವಾರದಲ್ಲಿ ಒಂದು ಬ್ಯಾಚು ನೀಲಿ ಛಾಯೆ, ಇನ್ನೊಂದು ಹಳದಿ, ಮತ್ತೊಂದು ಬೂದಿ. ಬೆಳಕು ದಾಟುವುದು ಅಳೆದರೆ ಶೇ. 88.5. ಪರೀಕ್ಷೆ ಟೇಬಲಿನಲ್ಲಿ ಕೂರುವ ಅಕ್ಕಾ ಎರಡು ಬ್ಯಾಚಿನ ಲೆನ್ಸನ್ನು ಪಕ್ಕಪಕ್ಕ ಇಟ್ಟು ನನ್ನ ಮುಖ ನೋಡಿದರು. "ಸರ, ಬಲಗಣ್ಣಿಗೊಂದ ಬಣ್ಣಾ, ಎಡಗಣ್ಣಿಗೊಂದ ಬಣ್ಣಾ ಹಾಕ್ಕೊಂಡ ಹೋಗೂದೇನ್ರೀ?" ಅವರು ಕೇಳಿದ್ದು ಸರಿಯಾಗಿತ್ತು. ಒಂದೇ ಜೋಡಿಯ ಎರಡು ಲೆನ್ಸ್ ಬೇರೆ ಬೇರೆ ಬ್ಯಾಚಿನಿಂದ ಬಂದರೆ ಅಂಗಡಿಯವನು ಹಾಗೇ ಕೂರಿಸಿಬಿಡುತ್ತಾನೆ.

ಅವತ್ತು ಉತ್ಪಾದನೆ ನಿಲ್ಲಿಸಿದೆವು. ಸಾವ್ಕಾರ್ರು ಬೇಡ ಅನ್ನಲಿಲ್ಲ, ಆದರೆ ನಾಲ್ಕು ದಿನಕ್ಕಿಂತ ಹೆಚ್ಚು ಆಗದು ಅಂದರು.

ಮೊದಲು ಮಾಡಿದ್ದು ಎರಡು ದೂರುಗಳನ್ನು ಬೇರೆ ಮಾಡುವುದು. ವಾಪಸ್ ಬಂದ ಡಬ್ಬಿಯಲ್ಲಿ ಹಳದಿ ಲೆನ್ಸ್ ಇದ್ದವು, ಮಬ್ಬು ಲೆನ್ಸ್ ಕೂಡ ಇದ್ದವು, ನಾವು ಎರಡಕ್ಕೂ "ಕಲರ್ ಸರಿ ಇಲ್ಲ" ಅಂತ ಒಂದೇ ಹೆಸರು ಇಟ್ಟುಬಿಟ್ಟಿದ್ದೆವು. ಹಳದಿ ಅಂದರೆ ಬೆಳಕಿನ ಒಂದು ಭಾಗ ನುಂಗಿಹೋಗಿದೆ. ಮಬ್ಬು ಅಂದರೆ ಬೆಳಕು ಒಳಗೆ ಯಾವುದಕ್ಕೋ ತಾಗಿ ಚದುರುತ್ತಿದೆ. ಕತ್ತಲೆ ಕೋಣೆಯಲ್ಲಿ ಟಾರ್ಚ್ ಬದಿಯಿಂದ ಬಿಟ್ಟರೆ ಮಬ್ಬು ಲೆನ್ಸು ಹಾಲು ಬೆರೆಸಿದ ಹಾಗೆ ಹೊಳೆಯುತ್ತದೆ, ಹಳದಿ ಲೆನ್ಸು ಹೊಳೆಯುವುದಿಲ್ಲ. ಅಳತೆಯೂ ಬೇರೆ. ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆಯ ಪರೀಕ್ಷಾ ವಿಧಾನಗಳಲ್ಲಿ ಮಬ್ಬಿಗೆ ಡಿ1003, ಹಳದಿಗೆ ಇ313. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಟಾರ್ಚ್ ಹಿಡಿದು ಎರಡು ರಾಶಿ ಮಾಡಿದಾಗಲೇ ನನ್ನ ತಲೆ ಅರ್ಧ ಹಗುರವಾಯಿತು.

ಮಬ್ಬಿನ ಕಾರಣ ಬೇಗ ಸಿಕ್ಕಿತು. ಐಪಿಪಿಯನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಡುತ್ತೇವೆ. ಮಳೆಗಾಲದ ಗಾಳಿಗೆ ಆ ಬಾಟಲಿ ಹೊರಗೆ ಬಂದ ಕೂಡಲೇ ಮೈತುಂಬಾ ಬೆವರುತ್ತದೆ. ಮುಚ್ಚಳ ತೆಗೆದರೆ ಒಳಗೂ ನೀರು ಇಳಿಯುತ್ತದೆ. ನಮ್ಮವರು ಒಂದೇ ದೊಡ್ಡ ಬಾಟಲಿಯನ್ನು ದಿನಕ್ಕೆ ಮೂರು ಸಲ ತೆಗೆದು ಮುಚ್ಚುತ್ತಿದ್ದರು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಬೇರೆ ಯಾವುದೇ ಕೆಮಿಕಲ್ ಆದರೆ, ಫ್ರಿಜ್‌ನಿಂದ ತೆಗೆದು ಕೋಣೆಯ ಬಿಸಿಗೆ ಬಂದ ಮೇಲೆ ಮುಚ್ಚಳ ತೆಗೆಯಿರಿ ಅಂತ ಹೇಳುತ್ತಾರೆ. ಐಪಿಪಿಗೆ ಈ ಮಾತು ಜೀವಕ್ಕೇ ಅಪಾಯ. ಅದು ಕೋಣೆಯ ಬಿಸಿಗೆ ಬಂದರೆ ತಾನೇ ಒಡೆಯತೊಡಗುತ್ತದೆ, ಬೆಂಕಿ ಹತ್ತಬಹುದು, ಸಿಡಿಯಬಹುದು. ಹಾಗಾಗಿ ಬಾಟಲಿ ಬಿಸಿ ಮಾಡುವ ಯೋಚನೆಯನ್ನೇ ಬಿಟ್ಟು ಕೋಣೆಯ ಗಾಳಿ ಒಣಗಿಸಿದೆವು. ಒಂದು ಡಿಹ್ಯುಮಿಡಿಫೈಯರ್ ತಂದೆವು. ಒಂದು ಬ್ಯಾಚಿಗೆ ಪೂರ್ತಿ ಖಾಲಿ ಆಗುವಂಥ ಸಣ್ಣ ಬಾಟಲಿ ತರಿಸಿದೆವು, ಒಮ್ಮೆ ತೆಗೆದದ್ದನ್ನು ಮತ್ತೆ ಮುಚ್ಚಿಡುವ ಕೆಲಸವೇ ಇಲ್ಲ. ಮಬ್ಬು ನಿಂತಿತು.

ಹಳದಿ ನಿಲ್ಲಲಿಲ್ಲ.

ಓವನ್ ನೋಡಿದೆವು. ಕೊನೆಯಲ್ಲಿ ಲೆನ್ಸನ್ನು 110 ಡಿಗ್ರಿಯಲ್ಲಿ ಎರಡು ತಾಸು ಹದ ಮಾಡುತ್ತೇವೆ, ಅಲ್ಲಿ ಬಿಸಿ ಹೆಚ್ಚಾದರೆ ಹಳದಿ ಬರುವುದುಂಟು. ಒಂಬತ್ತು ಕಡೆ ಬಿಸಿ ಅಳೆಯುವ ಥರ್ಮೋಕಪಲ್ ಇಟ್ಟು ಅಳೆದರೆ ಮೂರು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇಲ್ಲ. ಯುವಿ ಪುಡಿಯ ಹಳೆ ಲಾಟು, ಹೊಸ ಲಾಟು ಎರಡರಲ್ಲೂ ಲೆನ್ಸ್ ಹೊಯ್ದೆವು. ಒಂದೇ ಬಣ್ಣ.

ಆಮೇಲೆ ತಕ್ಕಡಿ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ಸಣ್ಣ ಘಟಕಗಳಲ್ಲಿ ಇದೇ ತಪ್ಪು ಬಹಳ ಕಡೆ ಇರುತ್ತದೆ ಅಂತ ನನ್ನ ಅನಿಸಿಕೆ. 20 ಕೆಜಿಗೆ 1.2 ಪಿಪಿಎಂ ಅಂದರೆ 24 ಮಿಲಿಗ್ರಾಂ ಬಣ್ಣ. ನಮ್ಮ ತಕ್ಕಡಿ ಹತ್ತು ಹತ್ತು ಮಿಲಿಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ಅದು 20 ಅನ್ನಬಹುದು, 30 ಅನ್ನಬಹುದು, 24 ಅನ್ನುವುದಿಲ್ಲ. 0.3 ಪಿಪಿಎಂ ಆದರೆ 6 ಮಿಲಿಗ್ರಾಂ, ಅಲ್ಲಂತೂ ಆ ತಕ್ಕಡಿಗೆ ಅರ್ಥವೇ ಇಲ್ಲ. ಮೇಲಾಗಿ ಪುಡಿ ಕಾಗದಕ್ಕೆ ಅಂಟುತ್ತದೆ, ಚಮಚಕ್ಕೆ ಅಂಟುತ್ತದೆ, ಫ್ಯಾನಿನ ಗಾಳಿಗೆ ಹಾರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸರಿ ಬಂದದ್ದು ನಮ್ಮ ಅದೃಷ್ಟ ಅಷ್ಟೇ.

ಇದಕ್ಕೆ ದಾರಿ ಪುಡಿಯನ್ನು ತೂಗುವುದನ್ನೇ ಬಿಟ್ಟು ದ್ರಾವಣ ತೂಗುವುದು. ಹೊರಗೆ ಒಂದು ಲ್ಯಾಬಿನಲ್ಲಿ ಸೂಕ್ಷ್ಮ ತಕ್ಕಡಿಯಲ್ಲಿ 1 ಗ್ರಾಂ ಬಣ್ಣ ತೂಗಿಸಿಕೊಂಡು ಬಂದು 1 ಕೆಜಿ ಮೊನೊಮರಿನಲ್ಲಿ, ಅಂದರೆ ಇನ್ನೂ ಗಟ್ಟಿಯಾಗದ ದ್ರವ ರೆಸಿನ್ನಿನಲ್ಲಿ, ಕರಗಿಸಿದೆವು. ಇದರಲ್ಲಿ ಐಪಿಪಿ ಇರಕೂಡದು, ಯಾಕಂದರೆ ಕರಗಿಸಲು 50 ಡಿಗ್ರಿಗೆ ಬಿಸಿ ಮಾಡುತ್ತೇವೆ. ಪೂರ್ತಿ ಕರಗಿದ ಮೇಲೆ ಸೋಸಬೇಕು. ಕರಗದ ಒಂದು ಕಣ ಉಳಿದರೂ ಲೆನ್ಸಿನಲ್ಲಿ ನೀಲಿ ಚುಕ್ಕೆ. ಇದು 1000 ಪಿಪಿಎಂ ದ್ರಾವಣ. ಇದರ 10 ಗ್ರಾಂ ತೆಗೆದು 990 ಗ್ರಾಂ ಮೊನೊಮರಿಗೆ ಸೇರಿಸಿದರೆ 10 ಪಿಪಿಎಂ. ಈಗ 20 ಕೆಜಿ ಬ್ಯಾಚಿಗೆ 0.3 ಪಿಪಿಎಂ ಬೇಕಾದರೆ ಈ ತೆಳು ದ್ರಾವಣದ 600 ಗ್ರಾಂ ಹಾಕಿ, ಅಷ್ಟು ಮೊನೊಮರ್ ಕಮ್ಮಿ ಮಾಡಿದರಾಯಿತು. 600 ಗ್ರಾಂ ತೂಗಲು ಕಿರಾಣಿ ಅಂಗಡಿಯ ತಕ್ಕಡಿಯೂ ಸಾಕು. ಒಂದೆರಡು ಗ್ರಾಂ ಹೆಚ್ಚು ಕಮ್ಮಿ ಆದರೆ ಬಣ್ಣದಲ್ಲಿ ಏನೂ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯವೂ ಆಗ ಮನಸ್ಸಿಗೆ ಬಂತು. ಪೆರಾಕ್ಸೈಡ್ ರೆಸಿನ್ನನ್ನು ಮಾತ್ರ ಕಟ್ಟುವುದಿಲ್ಲ, ಸಿಕ್ಕ ಬಣ್ಣವನ್ನೂ ಕಡಿಯುತ್ತದೆ. ನಮ್ಮದು ಆಂಥ್ರಾಕ್ವಿನೋನ್ ಜಾತಿಯ ನೇರಳೆ, ಸಾಕಷ್ಟು ಗಟ್ಟಿ ಬಣ್ಣ. ಆದರೂ ಓವನ್‌ನಿಂದ ಹೊರಬರುವಾಗ ಅದರಲ್ಲಿ ಒಂದು ಪಾಲು ಸತ್ತಿರುತ್ತದೆ. ಹಾಗಾಗಿ ಬಕೆಟಿನಲ್ಲಿ ದ್ರವ ನೋಡಿ "ಸರಿ ಬಂತು" ಅನ್ನುವುದಕ್ಕೆ ಬೆಲೆ ಇಲ್ಲ. ಗಟ್ಟಿಯಾದ, ಹದವಾದ ಲೆನ್ಸ್ ನೋಡಿಯೇ ಹೇಳಬೇಕು. ನಾವು ಎರಡು ತಿಂಗಳು ಬಕೆಟ್ ನೋಡುತ್ತಿದ್ದೆವು.

ತಕ್ಕಡಿ ಸರಿ ಹೋದ ಮೇಲೆ ಬ್ಯಾಚಿನಿಂದ ಬ್ಯಾಚಿಗೆ ನೀಲಿಯ ಏರುಪೇರು ಹೋಯಿತು. ಹಳದಿ ಉಳಿಯಿತು. ಮೂರನೇ ದಿನ ನೀಲಿ ಪೂರ್ತಿ ನಿಲ್ಲಿಸಿ, ಯುವಿ ಪುಡಿ ಮಾತ್ರ ಹಾಕಿ ಒಂದು ಬ್ಯಾಚು ಹೊಯ್ದೆ. ಸೂಚ್ಯಂಕ 4.6. ಮಾರ್ಚ್‌ನಲ್ಲಿ ಇದೇ ಕಷಾಯಕ್ಕೆ 2.4 ಬಂದಿತ್ತು. ಉಳಿದ 2.2 ಎಲ್ಲಿಂದ ಬಂತು?

ರಾತ್ರಿ ಬ್ಯಾಚ್ ಪುಸ್ತಕ ತೆಗೆದು ಕೂತೆ. ಜೂನ್ ತಿಂಗಳ ಎಲ್ಲ ಬ್ಯಾಚುಗಳನ್ನೂ ಹಳದಿಯ ಕ್ರಮದಲ್ಲಿ ಬರೆದುಕೊಂಡೆ. ಅತಿ ಹಳದಿಯಾದ ನಾಲ್ಕೂ ವಾರದ ರಜೆಯ ಮರುದಿನದವು. ಅದಾದ ಮೇಲೆ ಬಂದವು ಪ್ರತಿ ದಿನದ ಮೊದಲ ಬ್ಯಾಚು. ಮಧ್ಯಾಹ್ನದವು ಸುಮಾರಾಗಿ ಇದ್ದವು. ಮಳೆಯೇ ಕಾರಣ ಆಗಿದ್ದರೆ ಬೆಳಗ್ಗೆ ಮಧ್ಯಾಹ್ನ ಅಂತ ಭೇದ ಇರುತ್ತಿರಲಿಲ್ಲ. ಏನೋ ಒಂದು ರಾತ್ರಿಯೆಲ್ಲ ಎಲ್ಲೋ ನಿಂತು, ನಿಂತಷ್ಟೂ ಕೆಡುತ್ತಿದೆ.

ಬೆಳಗ್ಗೆ ಹೋಗಿ ರೆಸಿನ್ ಕಲಸುವ ಕಾಕಾನ ಹತ್ತಿರ ಪುಸ್ತಕ ತೋರಿಸಿದೆ. ಅವರು ಮಹಾಲಿಂಗಪುರದ ಕಡೆಯವರು, ಚಿಕ್ಕಂದಿನಲ್ಲಿ ಗಾಣದ ಮನೆಯಲ್ಲಿ ಬೆಲ್ಲ ಕಾಯಿಸಿದವರು. ಓದಿದ್ದು ಕಮ್ಮಿ, ಆದರೆ ಬಣ್ಣದ ವಿಷಯದಲ್ಲಿ ಅವರ ಕಣ್ಣನ್ನು ನಾನು ಯಂತ್ರದಷ್ಟೇ ನಂಬುತ್ತೇನೆ. ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ ರೆಸಿನ್ ಟ್ಯಾಂಕಿನ ಕೆಳಗೆ ಬಗ್ಗಿ ನಳಕ್ಕೆ ಜೋಡಿಸಿದ ಸಣ್ಣ ಕೊಳವೆ ತುಂಡು, ಅಂದರೆ ನಿಪ್ಪಲ್, ಮುಟ್ಟಿದರು.

"ಸರ, ಈ ನಿಪ್ಪಲ್ ಮೊದಲಿಂದಲ್ರೀ. ಮಳಿ ಶುರು ಆದಾಗ ಸೋರ್ತಿತ್ತ ಅಂತ ಬದಲಿ ಮಾಡ್ಯಾರ."

"ಯಾರು ಮಾಡಿದ್ದು ಕಾಕಾ? ಸ್ಟೀಲಿಂದೇ ಹಾಕಿದ್ರಾ?"

"ಸ್ಟೀಲ ಎಲ್ಲಿ ಬಂತ್ರೀ. ಬಾಜೂಕಿನ ಅಂಗಡ್ಯಾಗ ಸಿಕ್ಕಿದ್ದ ತಂದ ಹಾಕ್ಯಾರ. ಕಬ್ಬಣ ಐತಿ. ಯಾಕ್ರೀ, ನಲ್ಲಿಕಾಯಿ ಕಬ್ಬಣದ ಬುಟ್ಟ್ಯಾಗ ಇಟ್ರ ಕರ್ರಗ ಆಗ್ತದಲ್ರೀ, ಹಂಗ ಇದೂ ಏನ?"

ನನಗೆ ಆ ಕ್ಷಣ ಮೈ ಜುಂ ಅಂದಿತು. ಯಾಕಂದರೆ ಕಾಕಾ ಹೇಳಿದ್ದು ಹೋಲಿಕೆ ಅಲ್ಲ, ಹೆಚ್ಚುಕಮ್ಮಿ ಅದೇ ರಸಾಯನಶಾಸ್ತ್ರ. ನೆಲ್ಲಿಕಾಯಿಯ ಒಗರಿನಲ್ಲಿ ಫೀನಾಲ್ ಗುಂಪುಗಳಿವೆ. ಅವು ಕಬ್ಬಿಣವನ್ನು ಕಂಡರೆ ಹಿಡಿದುಕೊಂಡು ಕಡುಬಣ್ಣ ಕೊಡುತ್ತವೆ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಹಿಂದಿನವರು ಕಪ್ಪು ಮಸಿ ಮಾಡುತ್ತಿದ್ದದ್ದೂ ಇದರಿಂದಲೇ. ನಾವು ಮಾರ್ಚ್‌ನಿಂದ ಹಾಕುತ್ತಿದ್ದ ಯುವಿ ಪುಡಿಯಲ್ಲೂ ಅಂಥದ್ದೇ ಒಂದು ಫೀನಾಲ್ ಗುಂಪಿದೆ, ಅದರ ಪಕ್ಕದಲ್ಲೇ ಆಮ್ಲಜನಕದ ಇನ್ನೊಂದು ಕೈ. ಎರಡೂ ಕೈ ಚಾಚಿ ಕಬ್ಬಿಣವನ್ನು ಇಕ್ಕಳದ ಹಾಗೆ ಹಿಡಿಯಬಲ್ಲದು. ಹಿಡಿದರೆ ಹಳದಿ. ಸಾದಾ ಮೊನೊಮರಿನಲ್ಲಿ ಒಂದಿಷ್ಟು ತುಕ್ಕು ಇದ್ದರೂ ಇಷ್ಟು ಬಣ್ಣ ಬರುತ್ತಿರಲಿಲ್ಲ. ಕಬ್ಬಿಣದ ನಿಪ್ಪಲ್ ಒಂದೇ ಇದ್ದಿದ್ದರೆ, ಅಥವಾ ಯುವಿ ಪುಡಿ ಒಂದೇ ಇದ್ದಿದ್ದರೆ, ನಾವು ಹೇಗೋ ಸುಧಾರಿಸುತ್ತಿದ್ದೆವು. ಎರಡೂ ಒಂದೇ ಕಡೆ ರಾತ್ರಿ ಕಳೆದದ್ದು ಕೆಟ್ಟಿತು. ಮೇಲಾಗಿ ಕಬ್ಬಿಣ ಪೆರಾಕ್ಸೈಡನ್ನೂ ಹೊತ್ತಿಗೆ ಮುಂಚೆ ಒಡೆಸುತ್ತದೆ, ಅದರಿಂದ ರೆಸಿನ್ ಕಟ್ಟುವ ಹದವೂ ತಪ್ಪುತ್ತದೆ.

ಊಹೆ ಎಷ್ಟು ಚೆಂದ ಇದ್ದರೂ ಪರೀಕ್ಷೆ ಬೇಕು. ಹತ್ತಿರದ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಒಬ್ಬ ಪರಿಚಯದ ಮೇಷ್ಟ್ರು ಜಾಗ ಕೊಟ್ಟರು. ಪಿಯುಸಿಯಲ್ಲಿ ಎಲ್ಲರೂ ಮಾಡಿದ ಪರೀಕ್ಷೆಯೇ. ಪೊಟ್ಯಾಸಿಯಂ ಥಯೋಸಯನೇಟ್ ಹಾಕಿದರೆ ಕಬ್ಬಿಣ ಇದ್ದಲ್ಲಿ ರಕ್ತದ ಕೆಂಪು ಬರುತ್ತದೆ. ರೆಸಿನ್ನಿನಲ್ಲಿ ನೇರ ಮಾಡಲಾಗದು, ಅದಕ್ಕೆ ಮೊದಲು ರೆಸಿನ್ನನ್ನು ತೆಳು ಆಮ್ಲದ ಜತೆ ಬಾಟಲಿಯಲ್ಲಿ ಹಾಕಿ ಚೆನ್ನಾಗಿ ಅಲ್ಲಾಡಿಸಬೇಕು. ಕಬ್ಬಿಣ ನೀರಿನ ಪದರಕ್ಕೆ ಇಳಿಯುತ್ತದೆ. ಆ ಪದರ ಬೇರೆ ತೆಗೆದು, ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಬೇಕು, ಯಾಕಂದರೆ ಈ ಕೆಂಪು ಬರುವುದು ಕಬ್ಬಿಣದ ಫೆರಿಕ್ ರೂಪಕ್ಕೆ ಮಾತ್ರ, ಆ ಹನಿ ಕಬ್ಬಿಣವನ್ನು ಆ ರೂಪಕ್ಕೆ ತರುತ್ತದೆ. ಇಷ್ಟೆಲ್ಲ ಮಾಡುವ ಮುಂಚೆ ಬರೀ ಆಮ್ಲಕ್ಕೂ ಇದೇ ಪರೀಕ್ಷೆ ಮಾಡಿ ನೋಡಬೇಕು. ಆಮ್ಲದಲ್ಲೇ ಕಬ್ಬಿಣ ಇದ್ದರೆ ನಿಮ್ಮ ದುಡಿಮೆ ಪೂರ್ತಿ ಹಾಳು.

ನಾಲ್ಕು ಗಾಜಿನ ಕೊಳವೆ ಬಿಳಿ ಟೈಲ್ ಮೇಲೆ ಸಾಲಾಗಿ ನಿಲ್ಲಿಸಿದೆವು. ಮೊದಲನೆಯದು ಬರೀ ಆಮ್ಲ, ನೀರಿನಂತೆ ತಿಳಿ. ಎರಡನೆಯದು ಸೀಲ್ ಒಡೆಯದ ಹೊಸ ಡ್ರಮ್ಮಿನ ಮೊನೊಮರ್, ಬಹುತೇಕ ತಿಳಿ. ಮೂರನೆಯದು ಜೂನ್ ತಿಂಗಳ ಒಂದು ಬೆಳಗಿನ ಬ್ಯಾಚಿನಿಂದ ಎತ್ತಿಟ್ಟ ಮಾದರಿ, ಅದರಲ್ಲಿ ಎಳೆ ಗುಲಾಬಿ ಮೂಡಿತು. ಕಬ್ಬಿಣ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ಗುರುತಿನ ಕೊಳವೆಗಳ ಪಕ್ಕ ಇಟ್ಟರೆ 0.5 ಪಿಪಿಎಂ ಆಸುಪಾಸು. ನಾಲ್ಕನೆಯದು ಅವತ್ತು ಬೆಳಗ್ಗೆ ನಳದಿಂದ ಮೊದಲು ಹಿಡಿದ 200 ಮಿಲಿ. ಥಯೋಸಯನೇಟ್ ಬಿಟ್ಟ ಕೂಡಲೇ ಕೆಂಪಗಾಯಿತು, ದಾಸವಾಳ ಹಿಂಡಿದ ಹಾಗೆ. ಕಾಕಾ ನನ್ನ ಜತೆ ಬಂದಿದ್ದರು. ಕೊಳವೆ ಕೈಗೆ ತಗೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು, ಏನೂ ಮಾತಾಡಲಿಲ್ಲ.

ವಾಪಸ್ ಬಂದು ನಿಪ್ಪಲ್ ಬಿಚ್ಚಿದೆವು. ಒಳಮೈ ಪೂರ್ತಿ ಕಂದು, ಬೆರಳು ಹಾಕಿದರೆ ಹೆಸರುಬೇಳೆಯ ಹುಡಿಯಷ್ಟು ತುಕ್ಕು ಬೆರಳಿಗೆ ಬಂತು. ಸೋಸುವ ಫಿಲ್ಟರ್ ತೆಗೆದೆವು. ಬಿಳಿ ಪದರದ ಮೇಲೆ ಕರಿ ಕಣಗಳು, ಕೆಳಗೆ ಅಯಸ್ಕಾಂತ ಆಡಿಸಿದರೆ ಅವೂ ಆಡಿದವು. ಅವು ನಿಪ್ಪಲಿನದಲ್ಲ. ತುಕ್ಕು ಅಷ್ಟು ಸುಲಭಕ್ಕೆ ಅಯಸ್ಕಾಂತಕ್ಕೆ ಓಡುವುದಿಲ್ಲ. ನಮ್ಮ ಗೋಡೆಯಾಚೆ ಫೌಂಡ್ರಿಯಲ್ಲಿ ಎರಕದ ಅಂಚು ಅರೆಯುತ್ತಾರೆ, ಆ ಧೂಳು ನಮ್ಮ ಕಿಟಕಿಯಿಂದ ಬಂದು ಟ್ಯಾಂಕಿನ ಮುಚ್ಚಳ ತೆಗೆದಾಗ ಬೀಳುತ್ತಿತ್ತು. ಅವರ ತಪ್ಪಿಲ್ಲ, ಅದು ಅವರ ಕೆಲಸ. ಗಾಳಿ ಬರಲಿ ಅಂತ ಕಿಟಕಿ ತೆರೆದಿಟ್ಟವರು ನಾವು. ಕಣ ಫಿಲ್ಟರಿನಲ್ಲಿ ನಿಂತಿತಲ್ಲ, ಇನ್ನೇನು ಚಿಂತೆ ಅಂತ ಅನಿಸಬಹುದು. ಆದರೆ ನಿಂತ ಕಣದ ಮೇಲೆ ಯುವಿ ಪುಡಿ, ಪೆರಾಕ್ಸೈಡ್ ಎರಡೂ ಇರುವ ರಸ ದಿನವಿಡೀ ಹರಿಯುತ್ತದೆ, ಸ್ವಲ್ಪ ಸ್ವಲ್ಪವೇ ಕರಗಿಸಿಕೊಂಡು ಹೋಗುತ್ತದೆ. ಕಬ್ಬಿಣ ಸಿಕ್ಕಿಕೊಂಡ ಫಿಲ್ಟರಿನಲ್ಲಿ ಪೆರಾಕ್ಸೈಡ್ ಇರುವ ರಸ ಹಾಯಿಸುವುದು ಬಣ್ಣಕ್ಕಷ್ಟೇ ಅಲ್ಲ, ಸುರಕ್ಷತೆಗೂ ಒಳ್ಳೆಯದಲ್ಲ.

ಮುಂದಿನ ಕೆಲಸ ಹೇಳಲು ಹೆಚ್ಚಿಲ್ಲ. ಸುಲಭಕ್ಕೆ ತುಕ್ಕು ಹಿಡಿಯದ 316 ಸ್ಟೀಲಿನ ವಾಲ್ವ್ ಬಂತು, ನಳದ ದಾರಿ ಪೂರ್ತಿ ಬದಲಾಯಿತು. ಕಲಸುವ ಕೋಣೆಯ ಕಿಟಕಿ ಮುಚ್ಚಿ ಫಿಲ್ಟರ್ ಹಾಕಿದ ಗಾಳಿ ಒಳಗೆ ಬಿಟ್ಟೆವು. ಫಿಲ್ಟರನ್ನು ಬ್ಯಾಚಿಗೊಂದು ಮಾಡಿದೆವು. ಬೆಳಗ್ಗೆ ನಳದಿಂದ ಮೊದಲು ಬರುವ ಅರ್ಧ ಲೀಟರ್ ಬೇರೆ ಡಬ್ಬಕ್ಕೆ, ಅದು ಬ್ಯಾಚಿಗೆ ಸೇರುವುದಿಲ್ಲ. ಸಾವ್ಕಾರ್ರಿಗೆ ಇದು ದುಬಾರಿ ಅನಿಸಿತು, ನನಗೂ ಗೊತ್ತು. ಆದರೆ ವಾಪಸ್ ಬಂದ ಒಂದು ಡಬ್ಬಿಯ ಲೆಕ್ಕ ಪಕ್ಕದಲ್ಲಿಟ್ಟು ತೋರಿಸಿದ ಮೇಲೆ ಅವರು ಮತ್ತೆ ಕೇಳಲಿಲ್ಲ.

ನೀಲಿ ಇಲ್ಲದೆ ಹೊಯ್ದ ಮೊದಲ ಬ್ಯಾಚು 2.3. ಮಾರ್ಚ್‌ನ 2.4ಕ್ಕೆ ಸಮ ಅಂತಲೇ ಹೇಳಬೇಕು. 0.3 ಪಿಪಿಎಂ ಹಾಕಿದ್ದು 1.2, ಬೆಳಕು ದಾಟುವುದು ಶೇ. 91. ರಜೆಯ ಮರುದಿನದ ಬ್ಯಾಚನ್ನು ಬೇಕೆಂದೇ ಮೂರು ವಾರ ಕಾದು ಅಳೆದೆ, ವ್ಯತ್ಯಾಸ ಕಾಣಲಿಲ್ಲ.

ಇಷ್ಟಾದ ಮೇಲೆ ಸಾವ್ಕಾರ್ರಿಗೂ ನನಗೂ ಒಂದು ಚರ್ಚೆ ಆಯಿತು. ನೀಲಿ ಇನ್ನೊಂದಿಷ್ಟು ಹಾಕಿದರೆ 1.2 ಇರುವುದು ಸೊನ್ನೆ ಆಗುತ್ತದಲ್ಲ, ಹಾಕೋಣ, ಗಿರಾಕಿ ಇನ್ನೂ ಖುಷಿ ಆಗ್ತಾರೆ ಅಂದರು. ನಾನು ಬೇಡ ಅಂದೆ. ಕಾಕಾ ಬೆಲ್ಲದ ಮಾತು ತೆಗೆದರು. ಬೆಲ್ಲಕ್ಕೆ ಬಣ್ಣ ತಿಳಿ ಮಾಡುವ ಹೈಡ್ರೋಸ್ ಎಂಬ ಪುಡಿ ಹಾಕಿದರೆ ಸಂತೆಯ ದಿನ ಬಂಗಾರದ ಹಾಗೆ ಹೊಳೆಯುತ್ತದೆ, ಇಟ್ಟಲ್ಲೇ ಕೆಲವು ವಾರಕ್ಕೆ ಮತ್ತೆ ಕಪ್ಪಾಗುತ್ತದೆ. ರಸ ಚೆನ್ನಾಗಿ ತೆಗೆದು, ಮಡ್ಡಿ ಸರಿಯಾಗಿ ಎತ್ತಿ ಹದವಾಗಿ ಕಾಯಿಸಿದ ಬೆಲ್ಲಕ್ಕೆ ಅದು ಬೇಕಾಗುವುದಿಲ್ಲ ಅಂದರು. ನೀಲಿಯನ್ನು ನಾನು ಹೈಡ್ರೋಸಿಗೆ ಪೂರ್ತಿ ಹೋಲಿಸುವುದಿಲ್ಲ. ನೀಲಿಯಿಂದ ಕಣ್ಣಿಗೆ ಕೇಡಿಲ್ಲ, ಅಳತೆಯಲ್ಲಿ ಹಾಕಿದರೆ ಅದೊಂದು ಒಳ್ಳೆಯ ಉಪಕರಣ. ಯುವಿ ಪುಡಿಯಿಂದ ಬರುವ ಹಳದಿ ಲೆನ್ಸಿನ ಗುಣದ ಭಾಗ, ಪ್ರತಿ ಬ್ಯಾಚಿನಲ್ಲೂ ಅಷ್ಟೇ ಇರುತ್ತದೆ, ಅದಕ್ಕೆ ಎದುರಾಗಿ ಅಷ್ಟೇ ನೀಲಿ ಹಾಕುವುದು ನ್ಯಾಯ. ತುಕ್ಕಿನಿಂದ ಬರುವ ಹಳದಿ ದಿನಕ್ಕೊಂದು ಥರ. ಅದರ ಹಿಂದೆ ನೀಲಿ ಹಿಡಿದು ಓಡಿದರೆ ಎಂದೂ ಮುಗಿಯುವುದಿಲ್ಲ, ಪ್ರತಿ ಸಲ ಬೆಳಕು ಮಾತ್ರ ಕಮ್ಮಿ ಆಗುತ್ತಾ ಹೋಗುತ್ತದೆ. ಹಾಗಾಗಿ 0.3ಕ್ಕೆ ಗಟ್ಟಿಯಾಗಿ ನಿಂತೆ. ಬ್ಯಾಚು ಹಳದಿ ಬಂದರೆ ನೀಲಿಯ ಅಳತೆ ಮುಟ್ಟಬಾರದು, ಮೊದಲು ನನ್ನನ್ನು ಕರೆಯಬೇಕು ಅಂತ ಕಲಸುವ ಕೋಣೆಯ ಗೋಡೆಗೆ ಬರೆದು ಹಚ್ಚಿದ್ದೇವೆ.

ಹುಬ್ಬಳ್ಳಿಯ ವ್ಯಾಪಾರಿ ಆಗಸ್ಟ್‌ನಲ್ಲಿ ತಾವೇ ಬಂದರು. ಸಾದಾ ಲೆನ್ಸ್ ಹತ್ತು, ಯುವಿ 400 ಹತ್ತು, ಎರಡು ಪೇರು ಮಾಡಿ ಬಿಳಿ ಕಾಗದದ ಮೇಲೆ ಅವರ ಮುಂದಿಟ್ಟೆ. ಎರಡನೆಯದು ಒಂದು ಕೂದಲೆಳೆಯಷ್ಟು ಬೆಚ್ಚಗೆ ಕಾಣುತ್ತದೆ, ಅದು ಯುವಿ ತಡೆಯುವುದಕ್ಕೆ ಕೊಡುವ ಬೆಲೆ, ಅದನ್ನು ಮುಚ್ಚಿದರೆ ಬೆಳಕು ಹೋಗುತ್ತದೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಚಷ್ಮಾ ತೆಗೆದು ಒರೆಸಿ ಹಾಕಿಕೊಂಡು, ಎರಡೂ ಪೇರನ್ನು ಬಾಗಿಲ ಬೆಳಕಿಗೆ ಒಯ್ದು ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟ ಇದ್ರ ನಡೀತದ್ರೀ. ಎಲ್ಲಾ ಡಬ್ಬಿ ಹಿಂಗ ಬರ್ಬೇಕ ನೋಡ್ರಿ" ಅಂದರು. ಯುವಿ ಪೇರಿನ ಮೇಲಿನ ಲೆನ್ಸನ್ನು ಅವರು ಕಿಸೆಗೆ ಹಾಕಿಕೊಂಡು ಹೋದರು. ಮುಂದಿನ ಡಬ್ಬಿ ಬಂದಾಗ ಪಕ್ಕದಲ್ಲಿಟ್ಟು ನೋಡಲು.